ಕಣ ಹೆಕ್ಕುವ ಬೆಳಕು

ಜೇವರ್ಗಿ ಸೀಮೆಯ ಕಪ್ಪು ನೆಲದಲ್ಲಿ ಬೆಳೆದ ತೊಗರಿ ಕಲಬುರಗಿಯ ದಾಲ್ ಮಿಲ್ಲು ಸೇರಿದರೆ, ಅಲ್ಲಿ ಅದರ ದರ್ಜೆ ನಿರ್ಧಾರವಾಗುವುದು ಒಂದು ಯಂತ್ರದ ಮುಂದೆ. ಮಿಲ್ಲಿನವರು ಅದಕ್ಕೆ ಸಾರ್ಟೆಕ್ಸ್ ಎನ್ನುತ್ತಾರೆ. ಬೇಳೆ ಇಳಿಜಾರಿನಲ್ಲಿ ಸಾಲುಗಟ್ಟಿ ಜಾರುತ್ತದೆ. ದೀಪದ ಬೆಳಕಿನಲ್ಲಿ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಕಪ್ಪು ತಿರುಗಿದ ಬೇಳೆ ಕಂಡೊಡನೆ ಗಾಳಿಯ ಒಂದು ಚಿಟಿಕೆ ಹೊಡೆತ ಅದನ್ನು ಪಕ್ಕಕ್ಕೆ ಚಿಮ್ಮುತ್ತದೆ. ಅಂಗಳದಲ್ಲಿ ಮೊರ ಹಿಡಿದು ಕೂತ ಅವ್ವಂದಿರು ಬೆರಳ ತುದಿಯಲ್ಲಿ ಮಾಡುತ್ತಿದ್ದ ಕೆಲಸವದು.

ರಕ್ತದ ಕಣಗಳನ್ನೂ ಹೀಗೆ ಆರಿಸುವ ಯಂತ್ರವಿದೆ. ಫ್ಲೋ ಸೈಟೋಮೀಟರ್ ಎಂಬುದು ಅದರ ಹೆಸರು. ಆದರೆ ರಕ್ತದಲ್ಲಿ ಒಂದು ತೊಡಕು. ಮೈಯನ್ನು ಕಾಯುವ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್‌ಗಳ ಬಳಗ ದೊಡ್ಡದು. ಒಂದು ಗುಂಪು ರೋಗಾಣು ಬಂದ ಸುದ್ದಿ ಹಿಡಿದು ಉಳಿದವನ್ನು ಎಬ್ಬಿಸುತ್ತದೆ, ಇನ್ನೊಂದು ಸೋಂಕು ತಗುಲಿದ ಕಣವನ್ನೇ ಕೊಲ್ಲುತ್ತದೆ, ಮತ್ತೊಂದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಎಲ್ಲವೂ ಒಂದೇ ಅಚ್ಚಿನವು. ಬಣ್ಣದ ಭೇದವೇ ಇಲ್ಲದ ಕಾಳನ್ನು ಯಾವ ಮೊರ ಆರಿಸೀತು?

ಬಣ್ಣವಿಲ್ಲದಿದ್ದರೆ ಬಣ್ಣ ಹಚ್ಚಬೇಕು ಎಂದು ಹೊರಟವರು ಅಮೆರಿಕದ ಹಾರ್ವರ್ಡ್‌ನ ವೈದ್ಯ ಆಲ್ಬರ್ಟ್ ಕೂನ್ಸ್. ಪ್ರತಿಕಾಯ ತನಗೆ ಹೊಂದುವ ಗುರುತನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಅದರ ಬೆನ್ನಿಗೆ ಹೊಳೆಯುವ ಬಣ್ಣ ಕಟ್ಟಿಬಿಟ್ಟರೆ ಅದು ಹೋಗಿ ಕೂತ ಜಾಗ ಕಣ್ಣಿಗೆ ಕಾಣುತ್ತದಲ್ಲ! 1941ರಲ್ಲಿ ಅವರೂ ಸಂಗಡಿಗರೂ ಮೊದಲು ಕಟ್ಟಿದ್ದು ನೀಲಿಯಾಗಿ ಹೊಳೆಯುವ ಬಣ್ಣ. ಅಂಗಾಂಶಕ್ಕೆ ತನ್ನದೇ ಆದ ಮಸುಕು ನೀಲಿ ಹೊಳಪಿರುತ್ತದೆ. ಬಣ್ಣ ಅದರಲ್ಲೇ ಕರಗಿಹೋಯಿತು. ಮುಂದಿನ ವರ್ಷ ಅವರು ಫ್ಲೋರೆಸೀನ್ ಎಂಬ ಹಸಿರಿಗೆ ಬದಲಾದರು. ಹಸಿರು ಎದ್ದು ಕಂಡಿತು. ಎಂಟು ದಶಕ ಕಳೆದರೂ ಅದೇ ಹಸಿರು ಪ್ರಯೋಗಾಲಯಗಳಲ್ಲಿ ದಿನವೂ ಬಳಕೆಯಲ್ಲಿದೆ.

ಬಣ್ಣ ಸಿಕ್ಕಿತು, ಎಣಿಸುವವರು ಬೇಕಲ್ಲ. ಸ್ಟ್ಯಾನ್‌ಫರ್ಡ್‌ನ ಲೆನರ್ಡ್ ಹರ್ಜೆನ್‌ಬರ್ಗ್ ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಹೊಳೆಯುವ ಕಣಗಳನ್ನು ಎಣಿಸಿ ಎಣಿಸಿ ಸಾಕಾಗಿದ್ದರು. ಅಷ್ಟರಲ್ಲಿ 1965ರಲ್ಲಿ ಲಾಸ್ ಅಲಮೋಸ್‌ನ ಮ್ಯಾಕ್ ಫುಲ್ವೈಲರ್ ಕಣಗಳನ್ನು ಬೇರ್ಪಡಿಸುವ ಯಂತ್ರವೊಂದನ್ನು ಕಟ್ಟಿದರು. ಅದರ ಉಪಾಯ ಬಂದದ್ದು ಶಾಯಿ ಚಿಮುಕಿಸಿ ಬರೆಯುವ ಯಂತ್ರದಿಂದ. ದ್ರವದ ಸಣ್ಣ ಧಾರೆಯನ್ನು ಕಂಪಿಸಿ ಹನಿಹನಿಯಾಗಿ ಒಡೆಯುವುದು, ಬೇಕಾದ ಹನಿಗೆ ವಿದ್ಯುದಾವೇಶ ಕೊಟ್ಟು ಒಂದು ಕಡೆಗೆ ಎಳೆಯುವುದು. ಸಾರ್ಟೆಕ್ಸ್‌ನಲ್ಲಿ ಗಾಳಿ ಮಾಡುವುದನ್ನು ಇಲ್ಲಿ ವಿದ್ಯುತ್ತು ಮಾಡುತ್ತದೆ. ಹರ್ಜೆನ್‌ಬರ್ಗ್ ತಂಡ ಆ ಯಂತ್ರಕ್ಕೆ ಹೊಳಪನ್ನು ಗುರುತಿಸುವ ಕಣ್ಣು ಜೋಡಿಸಿತು, 1972ರ ಹೊತ್ತಿಗೆ ಲೇಸರನ್ನೂ ಸೇರಿಸಿತು. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ವೋಲ್ಫ್‌ಗಾಂಗ್ ಗೋಡೆ 1968ರಲ್ಲೇ ಹೊಳಪನ್ನು ಅಳೆಯುವ ಇಂಥದೇ ಯಂತ್ರ ಮಾಡಿದ್ದರು.

ಆಗಿನ್ನೂ ಪ್ರತಿಕಾಯಗಳೇ ಬೆರಕೆ. ಪ್ರಾಣಿಯ ರಕ್ತದಿಂದ ತೆಗೆದವು. ಒಂದೊಂದು ಸಲ ಒಂದೊಂದು ರೀತಿ. 1975ರಲ್ಲಿ ಕೇಂಬ್ರಿಜ್‌ನ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ ಇಲಿಯ ಪ್ರತಿಕಾಯ ಮಾಡುವ ಕಣವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕಣದ ಜತೆ ಬೆಸೆದರು. ಅದರಿಂದ ಒಂದೇ ತಳಿಯ ಪ್ರತಿಕಾಯ ಬೇಕಾದಷ್ಟು ಸಿಗತೊಡಗಿತು. ಈ ವಿಧಾನಕ್ಕೆ ಪೇಟೆಂಟ್ ಆಗಲಿಲ್ಲ. ಜಗತ್ತಿನ ಪ್ರಯೋಗಾಲಯಗಳೆಲ್ಲ ಕೈಗೆತ್ತಿಕೊಂಡವು. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕಣದ ಮೈಮೇಲಿನ ಒಂದೇ ಗುರುತಿಗೆ ಲ್ಯಾಬಿಗೊಂದು ಹೆಸರಿಟ್ಟು ಗೊಂದಲವಾದಾಗ, 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿಜ್ಞಾನಿಗಳು ಸಿಡಿ ಎಂಬ ಸಂಖ್ಯಾಪದ್ಧತಿ ತಂದರು. ಅದರಲ್ಲಿ ನಾಲ್ಕನೆಯದು ಸಿಡಿ ಫೋರ್, ಉಳಿದವನ್ನು ಎಬ್ಬಿಸುವ ಗುಂಪಿನ ಗುರುತು.

ಆ ಗುರುತಿಗೆ ಬೆಲೆ ಬಂದದ್ದು ದುಃಖದಲ್ಲಿ. 1981ರಲ್ಲಿ ಲಾಸ್ ಏಂಜಲಿಸ್‌ನ ವೈದ್ಯ ಮೈಕೆಲ್ ಗಾಟ್ಲೀಬ್ ಅಪರೂಪದ ನ್ಯುಮೋನಿಯಾ ಹಿಡಿದ ಯುವಕನೊಬ್ಬನ ರಕ್ತವನ್ನು ಹೊಸ ಪ್ರತಿಕಾಯಗಳಿಂದ ಪರೀಕ್ಷೆ ಮಾಡಿಸಿದರು. ಉಳಿದವನ್ನು ಎಬ್ಬಿಸಬೇಕಾದ ಕಣಗಳೇ ಹೆಚ್ಚುಕಡಿಮೆ ಬರಿದಾಗಿದ್ದವು. ಮುಂದೆ ಏಡ್ಸ್ ಎನಿಸಿದ ಕಾಯಿಲೆ ಅದು. ಅದನ್ನು ತರುವ ಎಚ್‌ಐವಿ ವೈರಸ್ಸಿನ ಸೋಂಕು ಭಾರತದಲ್ಲಿ ಮೊದಲು ಗೊತ್ತಾದದ್ದು 1986ರಲ್ಲಿ, ಚೆನ್ನೈನಲ್ಲಿ.

2004ರ ಏಪ್ರಿಲ್ 1ರಂದು ದೇಶದಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಆರಂಭವಾಯಿತು. ಆಗ ಗುಳಿಗೆ ಯಾರಿಗೆ ಕೊಡಬೇಕೆಂಬುದಕ್ಕೆ ಮುಖ್ಯ ಅಳತೆ ಸಿಡಿ ಫೋರ್. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1500 ಇರುವ ಈ ಕಣಗಳು 200ಕ್ಕಿಂತ ಇಳಿದವರಿಗೆ ಗುಳಿಗೆ ಶುರುವಾಗುತ್ತಿತ್ತು. ಜೇವರ್ಗಿ ಕಡೆಯವರಿಗೆ ಈ ಪರೀಕ್ಷೆಗೆ ಹೋಗುವ ಜಿಲ್ಲಾ ಕೇಂದ್ರವೆಂದರೆ ಕಟ್ಟಿಸಂಗಾವಿಯಲ್ಲಿ ಭೀಮಾ ನದಿಯ ಸೇತುವೆ ದಾಟಿ ಸುಮಾರು 40 ಕಿಲೋಮೀಟರ್ ದೂರದ ಕಲಬುರಗಿ. ದಿನಗೂಲಿಯವರಿಗೆ ಆ ಒಂದು ದಿನದ ಪ್ರಯಾಣವೇ ಒಂದು ದಿನದ ಅನ್ನ ಬಿಟ್ಟಂತೆ.

ಪರೀಕ್ಷೆಗೆ ಹತ್ತುವ ರಕ್ತ ಮಾತ್ರ ಅತಿ ಸ್ವಲ್ಪ. ಒಂದು ಹನಿಯಷ್ಟನ್ನು ಬಣ್ಣ ಕಟ್ಟಿದ ಪ್ರತಿಕಾಯಗಳ ಜತೆ ಬೆರೆಸಿ ಕತ್ತಲಲ್ಲಿ ಇಡುತ್ತಾರೆ, ಬೆಳಕಿಗೆ ಬಣ್ಣ ಮಾಸುತ್ತದೆಂದು. ಕೆಲವು ಯಂತ್ರಗಳಿಗಾದರೆ, ಎಷ್ಟಿವೆ ಎಂದು ಮೊದಲೇ ಲೆಕ್ಕ ಗೊತ್ತಿರುವ ಹೊಳೆಯುವ ಸಣ್ಣ ಮಣಿಗಳನ್ನೂ ಸೇರಿಸುತ್ತಾರೆ. ಕಣಗಳು ಒಂದರ ಹಿಂದೊಂದು ಲೇಸರ್ ಮುಂದೆ ಹಾಯುತ್ತವೆ. ಇಷ್ಟು ಮಣಿಗೆ ಇಷ್ಟು ಕಣ ಎಂದು ಯಂತ್ರ ತಾಳೆ ಹಾಕಿ ಸಂಖ್ಯೆ ಹೇಳುತ್ತದೆ. ಇದೇ ವಿದ್ಯೆಯಿಂದ ಮಕ್ಕಳ ರಕ್ತದ ಕ್ಯಾನ್ಸರ್ ಯಾವ ಬಗೆಯದೆಂದು ತಿಳಿಯುತ್ತದೆ: ಸಿಡಿ 19 ಹೊಳೆದರೆ ಒಂದು ವಂಶ, ಸಿಡಿ 3 ಹೊಳೆದರೆ ಇನ್ನೊಂದು. ಅದಕ್ಕೆ ತಕ್ಕಂತೆ ಚಿಕಿತ್ಸೆ.

200ರ ಗೆರೆ ಹಂತಹಂತವಾಗಿ 350ಕ್ಕೆ, 500ಕ್ಕೆ ಏರಿ, 2017ರಲ್ಲಿ ಅಳಿದೇಹೋಯಿತು. ಸೋಂಕು ಖಚಿತವಾದ ಎಲ್ಲರಿಗೂ ಈಗ ಗುಳಿಗೆ ಉಂಟು, ಸಂಖ್ಯೆ ಎಷ್ಟೇ ಇರಲಿ. ಗುಳಿಗೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ರಕ್ತದಲ್ಲಿನ ವೈರಸ್ಸನ್ನೇ ಅಳೆಯುತ್ತಾರೆ. ಹಾಗೆಂದು ಸಿಡಿ ಫೋರ್ ಬೇಡವೆನ್ನುವುದು ತಪ್ಪು. ತಡವಾಗಿ ಬಂದವರಲ್ಲಿ ಅದು 200ಕ್ಕಿಂತ ಕೆಳಗಿದ್ದರೆ ಕ್ಷಯದಂಥ ಸೋಂಕುಗಳು ಹೊಂಚು ಹಾಕಿರುತ್ತವೆ. ಆ ತಪಾಸಣೆಯೂ ಮುಂಜಾಗ್ರತೆಯ ಔಷಧವೂ ಕೂಡಲೇ ನಡೆಯಬೇಕು. ಯಾರು ತೀರಾ ಅಪಾಯದಲ್ಲಿದ್ದಾರೆಂದು ಮೊದಲ ದಿನವೇ ಹೇಳುವುದು ಈ ಸಂಖ್ಯೆ.

ಕೇಳುಗರಲ್ಲಿ ಒಂದು ಮಾತು. ಎಚ್‌ಐವಿ ಪರೀಕ್ಷೆ ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ. ಪರೀಕ್ಷೆಗೆ ಬಂದವರ ಗುಟ್ಟು ಕಾಯಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಸಂಶಯವಿದ್ದರೆ ಜ್ವರ, ಕೆಮ್ಮು ಬರುವವರೆಗೆ ಕಾಯಬೇಡಿ. ಸಹಾಯವಾಣಿ 1097, ಕರೆಗೆ ಹಣ ಕೊಡಬೇಕಿಲ್ಲ.