ಮನೆಯೋ, ಸ್ಯಾನಟೋರಿಯಮೋ? ಮದರಾಸಿನ ಒಂದು ಪ್ರಯೋಗ ಮತ್ತು ಚಿಕಿತ್ಸೆಯ ಲೆಕ್ಕಾಚಾರ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ. ಅರ್ಥಶಾಸ್ತ್ರವನ್ನು ಓದಿ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತಗಳ ನಡುವೆ ಮೂರು ದಶಕ ಕಳೆದವನು. ಇಂಥವನು ವೈದ್ಯಕೀಯದ ಬಗ್ಗೆ ಮಾತನಾಡುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಯಾವ ಚಿಕಿತ್ಸೆ ನಿಜವಾಗಿ ಗುಣ ಕೊಡುತ್ತದೆ, ಅದಕ್ಕೆ ಎಷ್ಟು ಖರ್ಚು, ಆ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ಕೇವಲ ವೈದ್ಯರವಲ್ಲ. ಅವು ತೆರಿಗೆ ಕಟ್ಟುವವರ, ಕಾಯಿಲೆ ಬೀಳುವವರ, ಅಂದರೆ ನಮ್ಮೆಲ್ಲರ ಪ್ರಶ್ನೆಗಳು.

ನಮ್ಮಲ್ಲಿ ಬಹಳ ಮಂದಿ ಬೀಚ್‌ನಿಂದ ತಾಂಬರಂಗೆ ಹೋಗುವ ಲೋಕಲ್ ರೈಲಿನಲ್ಲಿ ಓಡಾಡುವವರು. ತಾಂಬರಂಗೆ ಮೊದಲು ಬರುವ ನಿಲ್ದಾಣದ ಹೆಸರು 'ತಾಂಬರಂ ಸ್ಯಾನಟೋರಿಯಂ'. ಡಾ. ಚೌರಿ ಮುತ್ತು ಅವರು 1928ರಲ್ಲಿ ಅಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವೊಂದನ್ನು ಕಟ್ಟಿದರು. ಮೈಸೂರಿನವರಿಗೆ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ನೆನಪಿಗೆ ಬರುತ್ತದೆ. ಒಳ್ಳೆಯ ಗಾಳಿ, ಪೂರ್ಣ ವಿಶ್ರಾಂತಿ, ಹಾಲು-ಮೊಟ್ಟೆ, ಮನೆಯವರಿಂದ ದೂರ: ಅಂದಿನ ಚಿಕಿತ್ಸೆಯೆಂದರೆ ಇಷ್ಟೇ. ಮನೆಯಲ್ಲಿ ಉಳಿದವನಿಗೆ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಹಿತ್ತಲ ಕೋಣೆಯಲ್ಲಿ.

1946ರಲ್ಲಿ ಭೋರ್ ಸಮಿತಿಯು ವರದಿ ಕೊಟ್ಟಾಗ ದೇಶದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳಿದ್ದರೆಂದೂ ಅವರಿಗಾಗಿ ಇದ್ದ ಹಾಸಿಗೆಗಳು ಸುಮಾರು 6,000 ಎಂದೂ ಅಂದಾಜು ಮಾಡಲಾಗಿತ್ತು. ನಾನೂರು ಮಂದಿಗೆ ಒಂದು ಹಾಸಿಗೆ! 1952ರ ಹೊತ್ತಿಗೆ ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆ ಬಂದಿತು. ಆಗ ಹುಟ್ಟಿದ ಪ್ರಶ್ನೆ ಇದು: ಮಾತ್ರೆಯೇ ರೋಗವನ್ನು ಗುಣಪಡಿಸುವುದಾದರೆ ಸ್ಯಾನಟೋರಿಯಂ ಬೇಕೇ? ಅನುಭವಿ ವೈದ್ಯರ ಬಳಿ ಉತ್ತರಗಳಿದ್ದವು, ಆದರೆ ಅವು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬಡವನ ಗುಡಿಸಲಿನಲ್ಲಿ ಚಿಕಿತ್ಸೆ ಸಾಧ್ಯವಿಲ್ಲ, ಅವನು ಮನೆಮಂದಿಗೆಲ್ಲ ರೋಗ ಹರಡುತ್ತಾನೆ ಎಂಬುದು ಬಲವಾದ ನಂಬಿಕೆಯಾಗಿತ್ತು.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದು ಇದೇ ಊರಿನಲ್ಲಿ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ ಇಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವನ್ನು ಆರಂಭಿಸಿದವು. ಚೆಟ್‌ಪಟ್ಟಿನಲ್ಲಿರುವ ಇಂದಿನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಅದರದೇ ಮುಂದುವರಿಕೆ. ಡಾ. ವಾಲೇಸ್ ಫಾಕ್ಸ್ ಅವರ ನೇತೃತ್ವದಲ್ಲಿ ನಗರದ ಬಡ ಬಡಾವಣೆಗಳ ರೋಗಿಗಳನ್ನು ಆರಿಸಿ, ಯಾರು ಮನೆಯಲ್ಲಿ, ಯಾರು ಸ್ಯಾನಟೋರಿಯಂನಲ್ಲಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂಥ ಕ್ರಮದಲ್ಲಿ ನಿರ್ಧರಿಸಲಾಯಿತು. ಇಬ್ಬರಿಗೂ ಅದೇ ಔಷಧ: ಐಸೋನಿಯಾಜಿಡ್ ಮತ್ತು ಪಿ.ಎ.ಎಸ್., ಒಂದು ವರ್ಷ ಕಾಲ.

ಚೀಟಿ ಎತ್ತುವುದರ ಮಹತ್ವವನ್ನು ಇಲ್ಲಿ ಗಮನಿಸಬೇಕು. ವೈದ್ಯರೇ ಆರಿಸಿದ್ದರೆ ಹೆಚ್ಚು ಕಾಯಿಲೆಯವರನ್ನು ಸ್ಯಾನಟೋರಿಯಂಗೆ ಕಳಿಸುತ್ತಿದ್ದರು. ಆಗ ಫಲಿತಾಂಶದ ವ್ಯತ್ಯಾಸ ಚಿಕಿತ್ಸೆಯದೋ ರೋಗಿಯದೋ ಎಂದು ಹೇಳಲು ಬರುತ್ತಿರಲಿಲ್ಲ.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ರೋಗ ಶಮನವಾದವರು ಸ್ಯಾನಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ ನೂರಕ್ಕೆ 86. ಮನೆಯವರ ಊಟ ಕಳಪೆ, ವಿಶ್ರಾಂತಿ ಕಡಮೆ, ದುಡಿಮೆ ಹೆಚ್ಚು. ತೂಕ ಹೆಚ್ಚಾಗಿ ಏರಿದ್ದು ಸ್ಯಾನಟೋರಿಯಂನವರದು. ಆದರೂ ಗುಣದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಐದು ವರ್ಷಗಳ ಕಾಲ ಮನೆಮಂದಿಯನ್ನು ಗಮನಿಸಿದಾಗ, ರೋಗಿಯನ್ನು ಮನೆಯಲ್ಲಿಟ್ಟು ಉಪಚರಿಸಿದ್ದರಿಂದ ಅವರಿಗೆ ಅಪಾಯ ಹೆಚ್ಚಲಿಲ್ಲವೆಂಬುದೂ ಸ್ಪಷ್ಟವಾಯಿತು. ತಟ್ಟೆ-ಲೋಟ ಬೇರೆ ಮಾಡಿದ ಎಷ್ಟೋ ಮನೆಗಳ ದುಃಖಕ್ಕೆ ವಿಜ್ಞಾನ ಕೊಟ್ಟ ಉತ್ತರವಿದು. ಜಗತ್ತಿನ ಬೇರೆ ದೇಶಗಳೂ ಸ್ಯಾನಟೋರಿಯಂನ ಅಗತ್ಯವನ್ನು ಮರುಪರಿಶೀಲಿಸಲು ಇದು ಒಂದು ಮುಖ್ಯ ಕಾರಣವಾಯಿತು.

ಕರ್ನಾಟಕದ ಪಾಲೂ ಚಿಕ್ಕದಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿಯ ಡಾ. ದೇಬಬರ್ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ಆಡಳಿತಗಾರನೂ ಓದಬೇಕು. ಹಳ್ಳಿಗರು ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಧಿಕಾರಿಗಳ ನಂಬಿಕೆಯಾಗಿತ್ತು. ನಿಜವೆಂದರೆ ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸಹಾಯ ಕೇಳಿಕೊಂಡು ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳಿಸುತ್ತಿದ್ದರು. ತಪ್ಪು ಮೇಜಿನ ಯಾವ ಬದಿಯಲ್ಲಿತ್ತೆಂದು ಹೇಳಬೇಕಾಗಿಲ್ಲ. ಕಫ ಪರೀಕ್ಷೆಯನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಮಾಡುವ 1962ರ ರಾಷ್ಟ್ರೀಯ ಕಾರ್ಯಕ್ರಮವು ಇಂಥ ಅರಿವಿನ ಮೇಲೆ ನಿಂತಿತು.

ಇನ್ನು ಒಂದು ಪ್ರಯೋಗವನ್ನು ಬಿಟ್ಟು, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗುವ ವಿಚಾರಕ್ಕೆ ಬರುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಸಹಕೈದಿಗಳ ಕ್ಷಯಕ್ಕೆ ಚಿಕಿತ್ಸೆ ಮಾಡಿದ ಆರ್ಚಿ ಕಾಕ್ರನ್ ಎಂಬ ಬ್ರಿಟಿಷ್ ವೈದ್ಯರು, ನಾವು ಕೊಡುವ ಚಿಕಿತ್ಸೆಗಳಲ್ಲಿ ಎಷ್ಟಕ್ಕೆ ಆಧಾರವಿದೆ ಎಂದು 1972ರ ತಮ್ಮ ಪುಸ್ತಕದಲ್ಲಿ ಕೇಳಿದರು. ಅವರ ಹೆಸರಿನಲ್ಲಿ 1993ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಬಳಗ ಮಾಡುವ ಕೆಲಸಕ್ಕೆ 'ವ್ಯವಸ್ಥಿತ ಪರಾಮರ್ಶೆ' ಎನ್ನಬಹುದು. ಪ್ರಶ್ನೆಯನ್ನು ಮೊದಲೇ ಬರೆದಿಡುವುದು, ತನಗೆ ಬೇಕಾದವನ್ನು ಮಾತ್ರ ಹೆಕ್ಕದೆ ನಡೆದ ಎಲ್ಲ ಪ್ರಯೋಗಗಳನ್ನೂ ಹುಡುಕುವುದು, ದುರ್ಬಲವಾದವನ್ನು ದುರ್ಬಲವೆಂದು ಗುರುತಿಸುವುದು, ಉಳಿದವನ್ನು ಕೂಡಿಸಿ ನೋಡುವುದು. ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಬಳಗದ ದಕ್ಷಿಣ ಏಷ್ಯಾ ಕೇಂದ್ರಕ್ಕೆ ನೆಲೆಯಾಯಿತು.

ಇದರ ಅಗತ್ಯಕ್ಕೆ ಉದಾಹರಣೆಯೂ ಹತ್ತಿರದ್ದೇ. 1968ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಬಿ.ಸಿ.ಜಿ. ಲಸಿಕೆಯ ಪ್ರಯೋಗ ಆರಂಭವಾಯಿತು. ವಯಸ್ಕರ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆ ಅಲ್ಲಿ ತಡೆಯಲಿಲ್ಲ. ಇದೊಂದನ್ನೇ ನೋಡಿದವರು ಲಸಿಕೆಯನ್ನು ಎಸೆಯಬೇಕು. ಬ್ರಿಟನ್ನಿನ ಪ್ರಯೋಗವೊಂದನ್ನೇ ನೋಡಿದವರು ಅದನ್ನು ಪೂಜಿಸಬೇಕು. 1994ರಲ್ಲಿ ಎಲ್ಲ ಪ್ರಯೋಗಗಳನ್ನೂ ಕೂಡಿಸಿ ನೋಡಿದ ಪರಾಮರ್ಶೆಯಲ್ಲಿ ಸರಾಸರಿ ರಕ್ಷಣೆ ಅರ್ಧದಷ್ಟಿದೆಯೆಂದೂ, ಸಮಭಾಜಕ ವೃತ್ತದಿಂದ ದೂರ ಹೋದಂತೆ ಅದು ಹೆಚ್ಚುತ್ತದೆಂದೂ ಕಂಡಿತು. ಎಳೆಯ ಮಕ್ಕಳನ್ನು ಮೆದುಳುಪೊರೆಯ ಕ್ಷಯದಿಂದ ಕಾಪಾಡುತ್ತದೆ ಎಂಬ ಕಾರಣಕ್ಕೆ ನಮ್ಮಲ್ಲಿ ನವಜಾತ ಶಿಶುಗಳಿಗೆ ಇಂದಿಗೂ ಅದನ್ನು ಕೊಡಲಾಗುತ್ತಿದೆ.

ಇನ್ನೊಂದು ಉದಾಹರಣೆ ನನ್ನನ್ನು ವೈಯಕ್ತಿಕವಾಗಿ ಕಾಡುವಂಥದು. ರೋಗಿ ಮಾತ್ರೆ ನುಂಗುವುದನ್ನು ಆರೋಗ್ಯ ಕಾರ್ಯಕರ್ತರು ಎದುರಿಗೇ ನಿಂತು ನೋಡಬೇಕೆಂಬ ಪದ್ಧತಿಯ ಬೇರು ಅರವತ್ತರ ದಶಕದ ಮದರಾಸಿನ ಪ್ರಯೋಗಗಳಲ್ಲಿದೆ. ತೊಂಬತ್ತರ ದಶಕದಲ್ಲಿ ಅದು ದೇಶದ ನೀತಿಯಾಯಿತು. ವಾರಕ್ಕೆ ಮೂರು ದಿನ ರೋಗಿ ಕೇಂದ್ರಕ್ಕೆ ಬರಬೇಕಿತ್ತು. ಸುಮಾರು 20 ವರ್ಷಗಳ ಹಿಂದೆ ನಾನಿದ್ದ ಕಚೇರಿಯಲ್ಲಿ ಒಬ್ಬ ದಿನಗೂಲಿ ನೌಕರ ಹೀಗೆ ಹೋಗಿಬರಲು ಬೆಳಗಿನ ಎರಡು ಗಂಟೆಗಳ ವಿನಾಯಿತಿ ಕೇಳಿದ. ನಿಯಮದಲ್ಲಿ ಅವಕಾಶವಿಲ್ಲ. ಹಾಗೆಂದು ಟಿಪ್ಪಣಿ ಬರೆದವನು ನಾನೇ, ಸಹಿಯೂ ನನ್ನದೇ. ಕೂಲಿ ಕಳೆದುಕೊಳ್ಳಲಾರದೆ ಅವನು ಎರಡನೆಯ ತಿಂಗಳಿಗೆ ಮಾತ್ರೆ ಬಿಟ್ಟ. ವರ್ಷ ತುಂಬುವ ಮೊದಲು ರಕ್ತ ಕಾರುತ್ತಾ ಊರಿಗೆ ಹೋದ. ಮುಂದೇನಾಯಿತೆಂದು ನಾನು ವಿಚಾರಿಸಲಿಲ್ಲ. ನನ್ನ ಕಡತದಲ್ಲಿ ಮಾತ್ರ ಸರ್ಕಾರಕ್ಕೆ ನಷ್ಟವಾಗಿರಲಿಲ್ಲ.

2015ರ ಕಾಕ್ರನ್ ಪರಾಮರ್ಶೆಯು 11 ಪ್ರಯೋಗಗಳನ್ನು ಕೂಡಿಸಿ ನೋಡಿತು. ಎದುರಿಗೆ ನಿಂತು ನುಂಗಿಸುವುದರಿಂದ, ರೋಗಿ ತಾನಾಗಿ ಮನೆಯಲ್ಲಿ ನುಂಗುವುದಕ್ಕಿಂತ ಹೆಚ್ಚಿನ ಗುಣ ಸಿಗುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಅದನ್ನು ಓದಿದಾಗ ಆ ನೌಕರನ ಮುಖ ನೆನಪಾಯಿತು. ಅವನ ಎರಡು ಗಂಟೆಯ ಕೂಲಿ ಯಾವ ಲೆಕ್ಕಪುಸ್ತಕದಲ್ಲೂ ಇರಲಿಲ್ಲ.

ವೆಚ್ಚ-ಪರಿಣಾಮದ ಅಧ್ಯಯನವೆಂದರೆ ಅಗ್ಗದ್ದನ್ನು ಆರಿಸುವುದಲ್ಲ. ಒಂದು ರೂಪಾಯಿಗೆ ಎಷ್ಟು ಆರೋಗ್ಯ ಸಿಕ್ಕಿತು, ಅದೇ ರೂಪಾಯಿ ಬೇರೆಡೆ ಇನ್ನೆಷ್ಟು ಕೊಡಬಹುದಿತ್ತು ಎಂದು ಕೇಳುವುದು. ಕೆಮ್ಮಿನ ಸೀಸೆ ಅಗ್ಗ. ಆದರೆ ಕ್ಷಯರೋಗಿಗೆ ಕೊಟ್ಟಾಗ ಅದರ ಪ್ರತಿ ಪೈಸೆಯೂ ವ್ಯರ್ಥ. ಜೊತೆಗೆ ಯಾರ ವೆಚ್ಚ ಎಂಬುದನ್ನೂ ಕೇಳಬೇಕು. ಬಸ್ಸಿನ ಚಾರ್ಜು, ಕಳೆದ ಕೂಲಿ, ಮನೆಯಲ್ಲಿ ಆರೈಕೆ ಮಾಡುವ ಹೆಂಗಸಿನ ದುಡಿಮೆ, ಇವನ್ನು ಬಿಟ್ಟ ಲೆಕ್ಕ ಸರ್ಕಾರಕ್ಕೆ ಉಳಿತಾಯವಾಗಿ ಕಂಡರೂ ರೋಗಿಯ ಹೆಗಲಿಗೆ ವರ್ಗಾವಣೆ ಮಾತ್ರ.

ಈ ದೃಷ್ಟಿಯಿಂದ 1959ರ ಮದರಾಸು ವರದಿಯನ್ನು ಮತ್ತೆ ನೋಡೋಣ. ಊಟ ಕಳಪೆಯಾಗಿದ್ದರೂ ಔಷಧ ಕೆಲಸ ಮಾಡಿತು ಎಂಬುದು ಅದರ ನಿರ್ಣಯ. ಅದು ಸರಿಯಾದ ನಿರ್ಣಯವೇ. ಆದರೆ ಹಲವರು ಅದನ್ನು 'ಕ್ಷಯಕ್ಕೂ ಊಟಕ್ಕೂ ಸಂಬಂಧವಿಲ್ಲ' ಎಂದು ಓದಿಕೊಂಡರು. ಪ್ರಯೋಗ ಆ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಹಸಿದ ಮನೆಯಲ್ಲಿ ಮುಂದಿನ ರೋಗಿ ಹುಟ್ಟುವುದನ್ನು ಅನ್ನ ತಡೆಯಬಲ್ಲುದೇ ಎಂದು ಕೇಳಿದ್ದು ಅರವತ್ತು ವರ್ಷಗಳ ನಂತರ, ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಚೆಟ್‌ಪಟ್ಟಿನ ಅದೇ ಸಂಸ್ಥೆಯೂ ಸೇರಿದಂತೆ ಅವರ ಸಹೋದ್ಯೋಗಿಗಳು. 2019ರಿಂದ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಮಂದಿಯನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು, ಎರಡು ಗುಂಪು ಮಾಡಲಾಯಿತು. ರೋಗಿಗಳಿಗೆಲ್ಲ ಪ್ರತಿ ತಿಂಗಳು ಪಡಿ ಕೊಟ್ಟರು. ಮನೆಮಂದಿಗೂ ಕೊಟ್ಟದ್ದು ಒಂದು ಗುಂಪಿಗೆ ಮಾತ್ರ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಡಿ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಇಳಿಯಿತು. ಅಕ್ಕಿ-ಬೇಳೆಯೂ ಒಂದು ಬಗೆಯ ಲಸಿಕೆಯೇ ಆಯಿತು.

ಸ್ಯಾನಟೋರಿಯಂ ಅನಗತ್ಯವೆಂದಾಗ ಅಲ್ಲಿಯ ಹಾಸಿಗೆಯ ಜೊತೆಗೆ ಹಾಲು-ಮೊಟ್ಟೆಯ ಖರ್ಚೂ ಉಳಿಯಿತು. ಆ ಉಳಿತಾಯ ರೋಗಿಯ ಮನೆಯ ತಟ್ಟೆಗೆ ಬಂದಿತೇ? ದೇಶದ ಎಲ್ಲ ಕ್ಷಯರೋಗಿಗಳಿಗೂ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ ಆರಂಭವಾದದ್ದು 2018ರ ಏಪ್ರಿಲ್‌ನಲ್ಲಿ. ಅದು 1,000 ರೂಪಾಯಿ ಆದದ್ದು 2024ರ ನವೆಂಬರ್‌ನಲ್ಲಿ. ನಡುವೆ ಕಳೆದದ್ದು 59 ವರ್ಷ. ಸಂಶೋಧನೆಯಿಂದ ಉಳಿದ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಸಂಶೋಧನೆ ನಿರ್ಧರಿಸುವುದಿಲ್ಲ, ರಾಜಕಾರಣ ನಿರ್ಧರಿಸುತ್ತದೆ.

2017ರಿಂದ ಕೇಂದ್ರ ಸರ್ಕಾರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ಚಿಕಿತ್ಸೆ ಮತ್ತು ಉಪಕರಣಗಳ ವೆಚ್ಚ-ಫಲಗಳನ್ನು ತೂಗುವ ವ್ಯವಸ್ಥೆಯಿದೆ. ಇದು ಸ್ವಾಗತಾರ್ಹ. ಆದರೆ ಯಾವ ಪ್ರಶ್ನೆ ಕೇಳಬೇಕು, ಯಾರ ವೆಚ್ಚ ಎಣಿಸಬೇಕು ಎಂಬ ಮೇಜಿನ ಬಳಿ ತುಮಕೂರಿನ ಹಳ್ಳಿಯ ಆ ಕೆಮ್ಮುವ ರೈತನಿಗೂ ಒಂದು ಕುರ್ಚಿ ಇರಬೇಕು. ಅವನು ಕೂರಬೇಕಾದರೆ ವರದಿಗಳು ಅವನ ಭಾಷೆಯಲ್ಲಿ ಬರಬೇಕು. ಕನ್ನಡನಾಡಿನಿಂದ ಹೊರಗಿದ್ದು ಕನ್ನಡದ ಪತ್ರಿಕೆ ನಡೆಸುವ ನಮ್ಮಂಥವರು ಸಾಹಿತ್ಯ-ಸಂಗೀತಗಳ ಜೊತೆಗೆ ಈ ಕೆಲಸವನ್ನೂ ಕೈಗೆತ್ತಿಕೊಳ್ಳಬಾರದೇಕೆ? ಸಂಘದಲ್ಲಿ ವೈದ್ಯರಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ, ಬರೆಯಬಲ್ಲವರಿದ್ದಾರೆ. ಸಂಚಿಕೆಗೊಂದರಂತೆ ಒಂದು ಚಿಕಿತ್ಸೆಯ ನಿಜಸ್ಥಿತಿಯನ್ನು ತಿಳಿಗನ್ನಡದಲ್ಲಿ ಪ್ರಕಟಿಸಿದರೂ ಸಾಕು.

ಮುಂದಿನ ಸಲ ತಾಂಬರಂ ಸ್ಯಾನಟೋರಿಯಂ ನಿಲ್ದಾಣದಲ್ಲಿ ರೈಲು ನಿಂತಾಗ, ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಈ ಊರನ್ನು ನೆನೆಯಿರಿ. ಜೊತೆಗೆ, ಎರಡು ಗಂಟೆಯ ವಿನಾಯಿತಿ ಸಿಗದೆ ಊರಿಗೆ ಹೋದ ಆ ನೌಕರನನ್ನೂ ನೆನೆಯಬೇಕೆಂದು ಕೋರುತ್ತೇನೆ.