ಸ್ವಂತ ಕೈಯಿಂದ ಬರೆದ ಶುಭಾಶಯ

(ಕ್ರಿಸ್ತಜಯಂತಿಯ ಹಗಲಿನ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಈಗ ತಾನೇ ನಾವು ಆಲಿಸಿದ ಎರಡನೆಯ ವಾಚನ ಹಿಬ್ರಿಯರಿಗೆ ಬರೆದ ಪತ್ರದ್ದು. ದೇವರು ಹಿಂದಿನ ಕಾಲದಲ್ಲಿ ಪ್ರವಾದಿಗಳ ಮೂಲಕ ನಮ್ಮ ಪೂರ್ವಜರೊಡನೆ ಬಗೆಬಗೆಯಾಗಿ ಮಾತನಾಡಿದರು, ಕೊನೆಗೆ ತಮ್ಮ ಪುತ್ರನ ಮೂಲಕವೇ ಮಾತನಾಡಿದರು ಎಂಬುದು ಅದರ ಸಾರ (1:1-2). ಶುಭಸಂದೇಶದಲ್ಲಿ ಸಂತ ಯೊವಾನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಿವ್ಯವಾಣಿಯೇ ಮನುಷ್ಯರಾಗಿ ನಮ್ಮ ನಡುವೆ ವಾಸಮಾಡಿದರು ಎನ್ನುತ್ತಾರೆ (1:14). ಹೇಳಿ ಕಳುಹಿಸುವುದು ಬೇರೆ, ತಾವೇ ಎದ್ದು ಬರುವುದು ಬೇರೆ. ಮದುವೆಯ ಲಗ್ನಪತ್ರಿಕೆಯನ್ನು ಯಾರದೋ ಕೈಯಲ್ಲಿ ಕಳುಹಿಸಿದರೆ ನಮ್ಮ ಕಡೆಯ ಹಿರಿಯರು ಏನನ್ನುತ್ತಾರೆ? "ಮನೆಗೆ ಬಂದು ಕರೆಯಲಿಲ್ಲ" ಎಂದು ಮುಖ ತಿರುಗಿಸುತ್ತಾರೆ. ದೇವರು ಮನೆಗೇ ಬಂದು ಕರೆದ ದಿನವನ್ನು ಇಂದು ನಾವು ಕೊಂಡಾಡುತ್ತಿದ್ದೇವೆ.

ಆಗಮನ ಕಾಲದಲ್ಲಿ ಧರ್ಮೋಪದೇಶದ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು. ನೀವು ಪ್ರೀತಿಸುವ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಕೈಯಾರೆ ಹಬ್ಬದ ಕಾರ್ಡ್ ಮಾಡಿ. ಅಂಗಡಿಯಿಂದ ತರುವಂತಿಲ್ಲ, ಮೊಬೈಲಿನಲ್ಲಿ ಬಂದದ್ದನ್ನು ನೋಡಿ ನಕಲು ಮಾಡುವಂತಿಲ್ಲ. ಆ ಕಾರ್ಡುಗಳು ಗೋದಲಿಯ ಮುಂದಿನ ಬುಟ್ಟಿಯಲ್ಲಿ ಇವೆ. ಮೊದಲ ವಾರ ಬಂದ ಚಿತ್ರಗಳಲ್ಲೆಲ್ಲ ಹಿಮ, ಹಿಮಸಾರಂಗ, ಸೂಜಿಯಂಥ ಎಲೆಯ ಮರಗಳು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಹಿಮ! ಆಗ ಸಿಸ್ಟರ್ ಮಕ್ಕಳನ್ನು ಒಂದೇ ಒಂದು ಪ್ರಶ್ನೆ ಕೇಳಿದರು: "ರಾತ್ರಿ ಹೊಲದಲ್ಲಿ ಕುರಿಮಂದೆ ಕಾಯುವವರನ್ನು ನೀವು ನೋಡಿಲ್ಲವೇ?"

ಸಂತ ಲೂಕರು ಹೇಳುವ ಕುರುಬರನ್ನು (2:8) ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಕಂಬಳಿ ಹೊದ್ದವರು, ಮುಳ್ಳುಬೇಲಿಯ ರೊಪ್ಪ, ಪಕ್ಕದಲ್ಲೊಂದು ನಾಯಿ, ಎಲ್ಲವೂ ಕಣ್ಣಿಗೆ ಕಂಡದ್ದೇ. ಮುಂದಿನ ವಾರ ಕುರಿಗಳಿಗೆ ನಿಜವಾದ ಉಣ್ಣೆ ಅಂಟಿಕೊಂಡು ಬಂತು. ಎಣ್ಣೆ ಗಿರಣಿಗಳ ಊರಿನ ಮಕ್ಕಳು ಶೇಂಗಾ ಸಿಪ್ಪೆಯಿಂದ ಬಾಲಯೇಸುವಿಗೆ ತೊಟ್ಟಿಲು ಮಾಡಿದರು. ಮೊಳಕಾಲ್ಮುರಿನ ನೇಕಾರರ ಮನೆಯ ಮಗುವೊಂದು ಮಗ್ಗದ ಬಳಿ ಬಿದ್ದಿದ್ದ ಜರಿ ಎಳೆಯನ್ನು ನಕ್ಷತ್ರ ಮಾಡಿದೆ. ಗೋಂದು ಸ್ವಲ್ಪ ಹೆಚ್ಚೇ ಆಗಿದೆ, ಮುಟ್ಟಿದರೆ ನಕ್ಷತ್ರ ಕೈಗೇ ಬರುತ್ತದೆ. ಇರಲಿ.

ಅಚ್ಚಿನ ಕಾರ್ಡು ಹುಟ್ಟಿದ ಕಥೆಯನ್ನೂ ಮಕ್ಕಳಿಗೆ ಹೇಳಿದೆವು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಹಬ್ಬದ ಹೊತ್ತಿಗೆ ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಚಿತ್ರ ಬರೆಸಿ ಸುಮಾರು ಒಂದು ಸಾವಿರ ಕಾರ್ಡು ಅಚ್ಚು ಹಾಕಿಸಿದರು. ಅವರನ್ನು ದೂರುವುದು ಬೇಡ. ಆ ಕಾರ್ಡಿನ ಎರಡು ಬದಿಗಳಲ್ಲಿ ಹಸಿದವರಿಗೆ ಊಟವನ್ನೂ ಬಟ್ಟೆ ಇಲ್ಲದವರಿಗೆ ಬಟ್ಟೆಯನ್ನೂ ಕೊಡುವ ಚಿತ್ರಗಳಿದ್ದವು. ಆದರೂ ಮಕ್ಕಳಿಗೆ ಹಿಡಿಸಿದ್ದು ಇನ್ನೊಂದು ಕಥೆ. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾದ ಚೆಕೊಸ್ಲೊವಾಕಿಯದ ಒಂದು ಹಳ್ಳಿಗೆ ವಿಶ್ವಸಂಸ್ಥೆಯ ಯುನಿಸೆಫ್ ನೆರವು ತಲುಪಿತು. ಅಲ್ಲಿನ ಏಳು ವರ್ಷದ ಹುಡುಗಿ ಜಿಟ್ಕಾ ಸಾಮ್ಕೋವಾ ಕೃತಜ್ಞತೆಯಿಂದ ಒಂದು ಚಿತ್ರ ಬರೆದಳು. ಕಾಗದಕ್ಕೆ ಅಭಾವ, ಆದ್ದರಿಂದ ಗಾಜಿನ ತುಂಡಿನ ಮೇಲೆ ಬರೆದಳು. ಕಂಬದ ಸುತ್ತ ಕುಣಿಯುವ ಮಕ್ಕಳ ಆ ಚಿತ್ರವೇ 1949ರಲ್ಲಿ ಯುನಿಸೆಫ್‌ನ ಮೊದಲ ಶುಭಾಶಯ ಕಾರ್ಡಾಯಿತು. "ಕಾಗದ ಇಲ್ಲದಿದ್ದರೆ ನಾವೂ ಗಾಜಿನ ಮೇಲೆ ಬರೆಯಬಹುದಾ?" ಎಂದು ಒಬ್ಬ ಹುಡುಗ ಕೇಳಿದ. ಮನೆಯ ಕಿಟಕಿಗಳ ಚಿಂತೆಯಾಗಿ ಬೇಡವೆಂದೆವು!

ಬರೆದವರ ಕೈ ಬರಹದಲ್ಲಿ ಉಳಿಯುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಮೊಳಕಾಲ್ಮುರು ತಾಲೂಕಿನಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳ ಬಂಡೆಗಳ ಮೇಲಿರುವ ಅಶೋಕ ಚಕ್ರವರ್ತಿಯ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಯೇಸುಸ್ವಾಮಿ ಹುಟ್ಟುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲಿನ ಆ ಬರಹ ಏನು ಹೇಳುತ್ತದೆ? ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು ಎಂದು. ಶಾಸನದ ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಉಳಿದುದೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, 'ಲಿಪಿಕಾರ' ಎಂದು ತನ್ನನ್ನು ಕರೆದುಕೊಳ್ಳುವ ಒಂದು ಪದವನ್ನು ಮಾತ್ರ ಅವನು ದೂರದ ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆಜ್ಞೆ ಚಕ್ರವರ್ತಿಯದು, ಆ ಒಂದು ಪದ ಮಾತ್ರ ಅವನದು.

ಸಂತ ಪೌಲರು ರೋಮನರಿಗೆ ಪತ್ರ ಬರೆಸಿದಾಗಲೂ ಹೀಗೇ ಆಯಿತು. ಲೇಖನಿ ಹಿಡಿದಿದ್ದ ತೆರ್ತಿಯ ಸುಮ್ಮನಿರಲಾರದೆ ತನ್ನದೂ ಒಂದು ನಮಸ್ಕಾರ ಸೇರಿಸಿದ (16:22). ಗಲಾತ್ಯರಿಗೆ ಬರೆಯುವಾಗ ಪೌಲರು ತಾವೇ ಲೇಖನಿ ತೆಗೆದುಕೊಂಡು, ಎಷ್ಟು ದೊಡ್ಡ ಅಕ್ಷರಗಳಲ್ಲಿ ಸ್ವಂತ ಕೈಯಿಂದ ಬರೆಯುತ್ತಿದ್ದೇನೆ ನೋಡಿ ಎನ್ನುತ್ತಾರೆ (6:11). ನಮ್ಮ ಎರಡನೆಯ ತರಗತಿಯ ಮಕ್ಕಳ ಅಕ್ಷರಗಳೂ ದೊಡ್ಡವೇ. "ಅಜ್ಜಿ" ಎಂದು ಬರೆಯುವಷ್ಟರಲ್ಲಿ ಅರ್ಧ ಹಾಳೆ ಮುಗಿದಿದೆ. ಅಜ್ಜಿಗೆ ಓದಲು ಬಾರದು, ಅದು ಆ ಮಗುವಿಗೂ ಗೊತ್ತು. ಅದಕ್ಕೇ ಹೆಸರಿನ ಕೆಳಗೆ ತನ್ನ ಅಂಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದಿದೆ. ಯೆಶಾಯನ ಗ್ರಂಥದಲ್ಲಿ ದೇವರು ತಮ್ಮ ಜನರನ್ನು ಅಂಗೈಯಲ್ಲೇ ಕೆತ್ತಿಕೊಂಡಿರುವುದಾಗಿ ಹೇಳುವ ಮಾತನ್ನು (49:16) ನಾವು ಎಷ್ಟೋ ಸಲ ಓದಿದ್ದೇವೆ. ಈ ಸಲ ಓದುವಾಗ ಆ ಪುಟ್ಟ ಬೆರಳುಗಳು ಕಣ್ಣ ಮುಂದೆ ಬಂದವು.

ಇನ್ನು ಮುಂದಿನದು ದೊಡ್ಡವರಿಗೆ ಹೇಳುವ ಮಾತು. ಕಾರ್ಡುಗಳ ಮೇಲಿನ ಹೆಸರುಗಳನ್ನು ನೋಡುತ್ತಾ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಹಲವು ಕಾರ್ಡುಗಳು ಬೆಂಗಳೂರಿನಲ್ಲಿ ಕೂಲಿಗೆ, ಕಟ್ಟಡ ಕೆಲಸಕ್ಕೆ ಹೋದ ಅಪ್ಪ ಅಮ್ಮನಿಗೆ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಲ್ಲಿ ಇದು ಹೊಸದಲ್ಲ. ಮೂರ್ನಾಲ್ಕು ಕಾರ್ಡುಗಳು ಮಾತ್ರ ಬೇರೆ. ಅವು ದೊಡ್ಡಪ್ಪನಿಗೆ, ಸೋದರತ್ತೆಗೆ, ಹಬ್ಬಕ್ಕೂ ಹೋಗಿಬರುವುದು ನಿಂತುಹೋಗಿರುವ ಮನೆಗಳಿಗೆ. ಯಾವ ಮನೆ ಎಂದು ಯಾರೂ ಅಕ್ಕಪಕ್ಕ ನೋಡಬೇಡಿ. ಹೊಲದ ಪಾಲು, ಸಾಲದ ಹಣ, ಯಾವುದೋ ಮದುವೆಯಲ್ಲಿ ಆಡಿದ ಮಾತು, ಇಂಥದ್ದು ಇಲ್ಲದ ಕೇರಿ ಯಾವುದಿದೆ? "ಅವರಿಗ್ಯಾಕೆ? ಬೇರೆ ಯಾರಿಗಾದರೂ ಬರಿ" ಎಂದು ಮನೆಯಲ್ಲಿ ಹೇಳಿದ್ದಾರೆ. ಮಗು ನಮ್ಮ ಹತ್ತಿರ ಬಂದು, "ಸ್ವಾಮಿ, ಹೆಸರು ಅಳಿಸಲಾ?" ಎಂದು ಕೇಳಿತು. ಅಳಿಸಬೇಡ ಎಂದೆವು. ಈ ಮಾತಿಗೆ ಹೊಣೆ ನಾವು. ಸಿಟ್ಟು ಬಂದರೆ ನಮ್ಮ ಮೇಲೆ ಬರಲಿ, ಮಗುವನ್ನು ಗದರಬೇಡಿ.

ಹೊಲದ ವ್ಯಾಜ್ಯ ಒಂದು ಕಾರ್ಡಿನಿಂದ ತೀರುತ್ತದೆಂದು ನಾವು ಹೇಳುವುದಿಲ್ಲ. ಮೋಸವಾಗಿದ್ದರೆ ನ್ಯಾಯ ಕೇಳಿ, ಅದು ನಿಮ್ಮ ಹಕ್ಕು. ಆದರೆ ಆ ಮಗು ಕೇಳುತ್ತಿರುವುದು ಪಾಲನ್ನಲ್ಲ, ದೊಡ್ಡಪ್ಪನನ್ನು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 5:23-24). ಇಂದು ನಮ್ಮ ಕಾಣಿಕೆ ಪೀಠಕ್ಕೆ ಬರುವಾಗ ಆ ಕಾರ್ಡುಗಳೂ ಬರುತ್ತವೆ.

ಬಲಿಪೂಜೆ ಮುಗಿದ ಮೇಲೆ ಮಕ್ಕಳು ತಮ್ಮ ತಮ್ಮ ಕಾರ್ಡನ್ನು ಬುಟ್ಟಿಯಿಂದ ತೆಗೆದುಕೊಳ್ಳಲಿ. ಬೆಂಗಳೂರಿನವರಿಗೆ ಬರೆದವುಗಳನ್ನು ಸಿಸ್ಟರ್ ಹತ್ತಿರ ಕೊಡಿ. ನಾಳೆ ಬೆಳಗಿನ ಬಸ್ಸಿಗೆ ಹೊರಡುವವರು ಅವರನ್ನು ಕಂಡು ಹೋಗಬೇಕಾಗಿ ಕೋರುತ್ತೇವೆ. ವಿಳಾಸ ಗೊತ್ತಿಲ್ಲದಿದ್ದರೆ ಕೆಲಸದ ಜಾಗದ ಹೆಸರಾದರೂ ಬರೆದುಕೊಡಿ. ಊರಿನೊಳಗಿನ ಕಾರ್ಡುಗಳನ್ನು ಮಕ್ಕಳು ತಾವೇ ಒಯ್ದು ಕೊಡಬೇಕು. ಆ ಮೂರ್ನಾಲ್ಕು ಮನೆಗಳಿಗೆ ಮಗು ಒಂದೇ ಹೋಗಬಾರದು, ಸಣ್ಣದು, ದಾರಿಯಲ್ಲಿ ಲಾರಿಗಳು ಓಡಾಡುತ್ತವೆ. ಅಪ್ಪನೋ ಅಮ್ಮನೋ ಕೈ ಹಿಡಿದುಕೊಂಡು ಬಾಗಿಲವರೆಗೆ ಹೋಗಲಿ.

ನಿಮ್ಮೆಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು. ಆಮೆನ್.