ಕಲ್ಲಿನಲ್ಲಿ ಉಳಿದ ಹೆಸರು



ಬೆಂಗಳೂರಿನ ಮಲ್ಲೇಶ್ವರದಲ್ಲಿ ನಾವು ಹೂವು, ತರಕಾರಿ ಕೊಳ್ಳುತ್ತೇವೆ. ಮೊದಲು ಅದರ ಹತ್ತಿರ ಏನಿತ್ತು ಗೊತ್ತಾ?

ಒಂದು ಹಳ್ಳಿ ಇತ್ತು. ಹೆಸರು ಮೇದರನಿಂಗನಹಳ್ಳಿ. ಅದನ್ನು ಕಾಡು ಮಲ್ಲೇಶ್ವರ ಗುಡಿಗೆ ಬಿಟ್ಟುಕೊಟ್ಟವನು ಏಕೋಜಿ. ಅವನು ಶಿವಾಜಿಯ ಮಲತಾಯಿಯ ಮಗ. 1669ರಲ್ಲಿ ಈ ಮಾತನ್ನು ಕಲ್ಲಿನಲ್ಲಿ ಬರೆಸಿದ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕು ಸಾಲದು. ಬಹಳ ಜನ ಸತ್ತರು. ಆಮೇಲೆ ಸರ್ಕಾರ ಮಲ್ಲೇಶ್ವರ ಬಡಾವಣೆಯನ್ನು ಬೆಳೆಸಿತು. ಅಗಲವಾದ ರಸ್ತೆ ಬಿಟ್ಟಿತು.

ಹಳ್ಳಿ ಹೋಯಿತು. ಬರೆದಿಟ್ಟಿದ್ದಕ್ಕೆ ಹೆಸರು ಉಳಿಯಿತು.

ನಮ್ಮ ಬೀದಿಗೂ ಹಳೆಯ ಹೆಸರು ಇರಬಹುದು. ಇಲ್ಲಿ ಕೆರೆ, ತೋಟ, ಬಾವಿ ಇತ್ತೇ? ಮನೆಯ ಅಜ್ಜಿಯನ್ನು ಕೇಳೋಣ. ಅಜ್ಜಿ ಹೋದರೆ ಆ ಮಾತೂ ಹೋಗುತ್ತದೆ. ಈಗ ನಮಗೆ ಅಕ್ಷರ ಬಂದಿದೆ. ಇವತ್ತೇ ಬರೆದಿಡೋಣ.